ಕೆಳಗಿನ ಅಕ್ಷರ

ಮೊರದಾಗ ತಂಬಾಕ, ಮೊರಕ್ಕ ಆನಿಸಿ ಮೊಬಾಯಿಲು.
ಮಗಳು ಸಾಳಿಗೆ ಹೋಗೂ ಮುಂದ ಹಚ್ಚಿಟ್ಟು ಹೋಗ್ಯಾಳ:
ಆಯಿ, ಕೊರಿಯಾದ್ದು, ಒಂದ ಮನಿತನದ ಕತಿ,
ಐವತ್ತ ಭಾಗ ಅವ, ಅಂತ.
ಐವತ್ತ ಭಾಗ ಅಂದ್ರ ನನ್ನ ಲೆಕ್ಕದಾಗ
ಐದು ಸಾವಿರ ಬೀಡಿ.

ಸೊಲ್ಲಾಪುರದ ಬಿಸಲು ಪತ್ರಾಸಿನ ಮ್ಯಾಲ ಕೂತದ.
ಗಂಡ ಚಾದರದ ಮಿಲ್ಲಿನ್ಯಾಗ.
ಎದುರಿಗೆ ಅತ್ತಿ, ನಾಗರಬಾಯಿ, ಎಲಿ ಕತ್ತರಸ್ತಾಳ,
ಎಲಿ ಕಡಿ ನೋಡದ ಕತ್ತರಸ್ತಾಳ,
ನಲವತ್ತ ವರ್ಷದ ಬೆರಳು.

ಅವರೂ ನೆಲದ ಮ್ಯಾಲ ಕೂತು ಉಣ್ಣವರು.
ಮುದುಕ ತಾಟು ನೂಕಿ ಎದ್ದ,
ಯಾರೂ ತಲಿ ಎತ್ತಲಿಲ್ಲ.
ಅತ್ತಿ ಅಂದ್ಳು: ಮಾರಿ ಬ್ಯಾರೆ, ಸಿಟ್ಟು ನಮ್ಮದ.

ಆಮ್ಯಾಲ ಆ ಸಣ್ಣ ಹುಡುಗಿ ಬಾಗಲಕ್ಕ ಓಡಿ
ಅಪ್ಪಾ ಅಂದ್ಳು.
ಕತ್ತರಿ ನಿಂತು ಬಿಡ್ತು.
ಏನಂದ್ಳ ಆಕಿ?
ಅಪ್ಪಾ ಅಂದ್ಳು.
ನಮ್ಮ ಅಪ್ಪ?
ಹೂಂ ಎವ್ವ, ನಮ್ಮ ಅಪ್ಪನ.
ಈ ಗಲ್ಲಿಯೊಳಗ ಹುಡುಗರು ಪಪ್ಪಾ ಅಂತಾವ, ಬಾಬಾ ಅಂತಾವ.
ನಮ್ಮ ಮನಿ ಕೂಸಿಗೂ ಆ ಮಾತು ಬಾಯಿಗೆ ಬರಂಗಿಲ್ಲ.
ಅದು ಯಾವ ದಾರಿ ಹಿಡದು ಅಲ್ಲಿ ತನಕ ಹೋಗಿತ್ತೋ.

ನಾ ಮೈಂದರ್ಗಿಯಾಕಿ. ಕನ್ನಡ ನಂಗ ಬಾಯಾಗಷ್ಟ.
ಕಲ್ತದ್ದು ಮರಾಠಿ, ಆರನೇತ್ತೆ ತನಕ,
ಅದರ ಪುಣ್ಯೇಕ ಕೆಳಗ ಓಡೂ ಹಿಂದಿ ಓದಾಕ ಬರ್ತದ.
ಅತ್ತಿಗೆ ಯಾವ ಅಕ್ಷರಾನೂ ಬರಂಗಿಲ್ಲ.
ಅವರು ಆಡಿದ್ದು, ಕೆಳಗ ಬರದದ್ದು, ನಾ ಹೇಳಿದ್ದು,
ಮೂರ ಅಂಗಳ ದಾಟಿ ಆಕಿ ಕಿವಿಗೆ.
ಹದಿನೇಳ ಭಾಗ ಇದ್ದದ್ದು ಇದ್ದಂಗ ಹೇಳಿದೆ,
ದೇವರಾಣಿ.

ಹದಿನೆಂಟನೇದ್ರಾಗ ಆ ಮನಿ ಸೊಸಿ
ಬೆನ್ನ ಮಾಡಿ ನಿಂತು ಭಾಂಡೆ ತೊಳೀತಿದ್ಳು.
ನಳದ ಸಪ್ಪಳ ಅಷ್ಟ.
ಕೆಳಗ ಒಂದ ಅಕ್ಷರ ಇಲ್ಲ.
ಏನಂತಾಳ, ಅಂದ್ಳು ಅತ್ತಿ.
ಏನೂ ಅನ್ನವಲ್ಲಳು ಅಂದಿದ್ರ ಮುಗೀತಿತ್ತು.
ನಾ ದಾರ ಸುತ್ತಕೋತ, ತಲಿ ಎತ್ತದ, ಅಂದೆ:
ಹನ್ನೊಂದ ವರ್ಷ ಆತಂತ,
ನೀ ಉಂಡಿಯೇನು ಅಂತ ಈ ಮನ್ಯಾಗ ಒಬ್ಬರೂ ಕೇಳಿಲ್ಲಂತ.

ಕತ್ತರಿ ನಡದಿತ್ತು.
ಒಂದ ಎಲಿ. ಇನ್ನೊಂದ.
ಬಾಯಿ ತಗದಿಲ್ಲಲ್ಲ ಆಕಿ, ಅಂದ್ಳು.
ಬಾಯಿ ತಗೀದ ಇಷ್ಟ ಮಾತು?

ಕೈಯಾಗಿನ ಬೀಡಿ ಹರೀತು. ಕಿವಿ ಸುಡಾಕ ಹತ್ತಿದ್ವು.
ಹೊರಗ ಯಾರೋ ಭಂಗಾರ್ ಭಂಗಾರ್ ಅಂತ ಕೂಗ್ಕೋತ ಹೋದ.

ಇರ್ಲಿ, ಅಂದ್ಳು ಅತ್ತಿ. ಅದಕ್ಕ ಆ ಅತ್ತಿ ಏನಂತಾಳ?
ಆಕಿ ಇಲ್ಲೆ ಇಲ್ಲ, ಎವ್ವ. ಬರೇ ನಳ ಅದ.
ಇಲ್ಲದಿದ್ರೂ ಅಂತಾಳ. ನಾ ಹೇಳ್ತೀನಿ ತಗೋ.
ಆಕಿಗೆ ಆಕಿ ಅತ್ತಿ ಕೇಳಿರಲಿಲ್ಲ.
ಕೇಳೂದು ಕಲಿಯಾಕ
ಯಾವ ಸಾಳಿಗೆ ಹೋಗಬೇಕಿತ್ತ ಆಕಿ?

ತಂಬಾಕದ ಕೈಲೆ ಕಣ್ಣ ಒರಸಬಾರದು.
ಬೀಡಿ ಕಟ್ಟೂ ಮನಿಯೊಳಗ ತೊಟ್ಲದಾಗಿನ ಕೂಸಿಗೂ ಇದು ಗೊತ್ತದ.
ಒರಸಿದೆ.
ಆಕಿನೂ ಸೆರಗು ತಗೊಂಡ್ಳು, ಹಾಳ ಘಾಟು ಅಂತ
ತಂಬಾಕಕ್ಕ ಬೈದ್ಳು.
ಕೊರಿಯಾದ ಸೊಸಿ ತಾಟು ಒರಸಿ ಒರಸಿ ಹೊಂದಿಸಿ ಇಡಾಕ ಹತ್ತಿದ್ಳು,
ಇಬ್ಬರು ತನಗ ಬಾಯಿ ಕೊಟ್ಟದ್ದು ಆಕಿಗೇನು ಗೊತ್ತು.

ಸಂಜಿಕಿ ಕಾರಖಾನ್ಯಾಗ ಚೆಕ್ಕರ್
ಮೂವತ್ತಾರ ಬೀಡಿ ಮುರದು ಬುಟ್ಟಿಗೆ ಒಗದ.
ಸಡಲ ಅವ, ಏನ್ ಬಾಯಿ, ಲಕ್ಷ್ಯ ಎಲ್ಲಿತ್ತು? ಅಂದ.
ಮರಾಠಿಯೊಳಗ ಅಂದ. ನಾ ಕನ್ನಡದಾಗ ನಕ್ಕೆ.

ಮರುದಿನ ಮೊಬಾಯಿಲಿನ್ಯಾಗ ರೊಕ್ಕ ತೀರಿತ್ತು.
ಅತ್ತಿ ಸೊಂಟದ ಚೀಲ ಬಿಚ್ಚಿ
ನಾಕ ಮಡಕಿ ಮಾಡಿದ ನೋಟು ತಗದು ಮೊರದ ಅಂಚಿಗೆ ಇಟ್ಳು.
ನನ್ನ ಮಾರಿ ನೋಡಲಿಲ್ಲ.
ಎಲಿ ತೊಯ್ಯಿಸಿದ ಅರಬಿ ಹಿಂಡಕೋತ ಅಂದ್ಳು:
ಆ ಹುಡುಗಿ ಉಂಡಳೇನು, ಮೊದಲ ಅದನ್ನ ನೋಡಿ ಹೇಳು.

ಮೊಬಾಯಿಲು ಇನ್ನಾ ಕರ್ರಗ ಇತ್ತು.
ಇನ್ನಾ ಇಲ್ಲ ಎವ್ವ, ಅಂದೆ.